ಇನ್, ಆನ್, ಆಟ್ ಲಿಸ್ಟ್ ಆಮೇಲೆ ನೋಡೋಣ, ಮೊದಲು ನನ್ನ ಶನಿವಾರದ ಕತೆ ಕೇಳಿ

ಪಿಯುಸಿ ತನಕ ಕನ್ನಡ ಮೀಡಿಯಂ, ಈಗ ಆಫೀಸಲ್ಲಿ ಇಂಗ್ಲಿಷ್ ಮೇಲ್ ಬರೆಯೋವಾಗ ಪ್ರೆಪೊಸಿಷನ್ ಎಲ್ಲಾ ತಪ್ಪಾಗುತ್ತೆ, ಪೂರ್ತಿ ಲಿಸ್ಟ್ ಬಾಯಿಪಾಠ ಮಾಡ್ಲಾ ಇಲ್ಲ ಗ್ರಾಮರ್ ಚೆಕರ್ ಸಾಕಾ ಅಂತ ಕೇಳಿದೀರ. ಓದ್ತಾ ಓದ್ತಾ ನಂಗೆ ನನ್ನದೇ ಹಳೇ ಡೈರಿ ಓದ್ದಂಗಾಯ್ತು. ನಾನೂ ತಿಪಟೂರು ಕಡೆಯವನು, ಡಿಗ್ರಿಗೆ ಬಂದಾಗ ಲೆಕ್ಚರರ್ ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ಕಿಟಕಿ ಕಡೆ ನೋಡ್ತಿದ್ದ ಗಿರಾಕಿ. ಬೆಂಗಳೂರಲ್ಲಿ ಕೆಲಸ ಸಿಕ್ಕಿದ ಮೇಲೆ ಒಂದು ನೋಟ್‌ಬುಕ್ ತಗೊಂಡು ಇನ್ ಎಲ್ಲಿ ಬರುತ್ತೆ, ಆನ್ ಎಲ್ಲಿ, ಆಟ್ ಎಲ್ಲಿ ಅಂತ ನಲವತ್ತು ಪುಟ ಬರ್ಕೊಂಡಿದ್ದೆ. ಆ ನಲವತ್ತು ಪುಟ ಉಪಯೋಗಕ್ಕೆ ಬರಲಿಲ್ಲ, ಯಾಕಂದ್ರೆ ನನ್ನ ಮುಳುಗಿಸಿದ ವಾಕ್ಯದಲ್ಲಿ ಎಲ್ಲಾ ಪ್ರೆಪೊಸಿಷನ್ನೂ ಕರೆಕ್ಟಾಗೇ ಇತ್ತು.

ನಾವೊಂದು ಕ್ಲೈಂಟ್‌ಗೆ ಹಳೇ ಸರ್ವರಿಂದ ಹೊಸದಕ್ಕೆ ಸ್ಕ್ಯಾನ್ ಮಾಡಿದ ಬಿಲ್ಲುಗಳನ್ನ ಸಾಗಿಸ್ತಿದ್ವಿ. ಬುಧವಾರ ಗುರುವಾರ ಎಲ್ಲಾ ಸರಿಯಾಗಿ ಕಾಪಿ ಆಗಿತ್ತು, ಶನಿವಾರ ಯಾರೋ ಮರೆತು ಅರ್ಧ ಫೈಲನ್ನ ಇನ್ನೊಂದ್ ಸಲ ಕಾಪಿ ಮಾಡಿಬಿಟ್ಟಿದ್ರು, ಅಂದ್ರೆ ಡಬಲ್ ಆಗಿದ್ದು ಆ ಶನಿವಾರದ್ದು ಮಾತ್ರ. ಸೋಮವಾರ ಬೆಳಗ್ಗೆ ನಾನು ಪುಣೆಯ ನೈಟ್ ಶಿಫ್ಟ್ ಟೀಮ್‌ಗೆ ಒಂದೇ ಲೈನ್ ಮೇಲ್ ಹಾಕ್ದೆ: ಪ್ಲೀಸ್ ಡಿಲೀಟ್ ದಿ ಫೈಲ್ಸ್ ಕಾಪೀಡ್ ಫ್ರಮ್ ದಿ ಓಲ್ಡ್ ಸರ್ವರ್ ಆನ್ ಸ್ಯಾಟರ್ಡೇ.

ಈ ವಾಕ್ಯನ ಇನ್ನೊಂದ್ ಸಲ ಓದಿ. ಫ್ರಮ್ ಸರಿ, ಆನ್ ಸರಿ, ನನ್ನ ನೋಟ್‌ಬುಕ್ ಪ್ರಕಾರ ಹತ್ತಕ್ಕೆ ಹತ್ತು. ಆದ್ರೆ ಆ ಕೊನೇಲಿ ಕೂತಿರೋ ಆನ್ ಸ್ಯಾಟರ್ಡೇ ಯಾರಿಗೆ ಸೇರಿದ್ದು? ನಾನು ಅಂದ್ಕೊಂಡಿದ್ದು ಕಾಪೀಡ್‌ಗೆ, ಶನಿವಾರ ಕಾಪಿ ಆದವನ್ನ ಈಗ ತೆಗೀರಿ ಅಂತ. ಅವರು ಓದ್ಕೊಂಡಿದ್ದು ಡಿಲೀಟ್‌ಗೆ, ಹಳೇ ಸರ್ವರಿಂದ ಬಂದಿರೋದನ್ನೆಲ್ಲಾ ಬರೋ ಶನಿವಾರ ತೆಗೀರಿ ಅಂತ. ಎರಡೂ ಸರಿಯಾದ ಇಂಗ್ಲಿಷೇ, ಅವರದ್ದು ತಪ್ಪು ಅಂತ ಹೇಳೋ ಹಂಗೇ ಇಲ್ಲ. ಮಂಗಳವಾರ ನಾನು ಡನ್? ಅಂತ ಕೇಳ್ದೆ, ಅವರು ಶೆಡ್ಯೂಲ್ಡ್ ಅಂದ್ರು. ಡಿಲೀಟ್ ಮಾಡೋಕೆ ಶೆಡ್ಯೂಲ್ ಯಾಕಪ್ಪಾ ಅಂತ ಆಗ ಒಂದು ನಿಮಿಷ ಯೋಚನೆ ಮಾಡಿದ್ರೆ ಸಾಕಿತ್ತು, ಮಾಡಲಿಲ್ಲ, ಓಕೆ ಥ್ಯಾಂಕ್ಸ್ ಅಂತ ಹಾಕಿ ಕಾಫಿ ಕುಡಿಯೋಕೆ ಹೋದೆ. ಶುಕ್ರವಾರ ಹಳೇ ಸರ್ವರ್‌ನ ಖಾಲಿ ಮಾಡಿ ಬಾಡಿಗೆಯವರಿಗೆ ವಾಪಸ್ ಕೊಟ್ಟಾಯ್ತು. ಶನಿವಾರ ರಾತ್ರಿ ಅವರು ಡಿಲೀಟ್‌ಗೆ ಅಂತ ಇಟ್ಟಿದ್ದ ಸ್ಕ್ರಿಪ್ಟ್ ತಾನಾಗೇ ಓಡ್ತು. ಎಲ್ಲಾ ಫೈಲೂ ಹೋಯ್ತು.

ಬ್ಯಾಕಪ್‌ನಲ್ಲಿ ಸ್ವಲ್ಪ ಸಿಕ್ತು, ಉಳಿದಿದ್ದನ್ನ ಪೇಪರ್ ಬಿಲ್ಲಿಂದ ಮತ್ತೆ ಸ್ಕ್ಯಾನ್ ಮಾಡಿದ್ವಿ, ನಾಲ್ಕು ಜನ, ಮೂರು ವೀಕೆಂಡು. ಆ ಪ್ರಾಜೆಕ್ಟಿಂದ ನನ್ನ ಪಕ್ಕಕ್ಕೆ ಇಟ್ರು, ಮಾತಾಗಿದ್ದ ಆನ್‌ಸೈಟೂ, ಅಂದ್ರೆ ಕ್ಲೈಂಟ್ ಇರೋ ಕಡೆಗೇ ಹೋಗಿ ಕೆಲಸ ಮಾಡೋ ಅವಕಾಶನೂ, ಅಲ್ಲಿಗೇ ಮುಗೀತು.

ಈಗ ನಂಗೆ ಆಮೇಲೆ ಹೊಳೆದಿದ್ದು ಹೇಳ್ತೀನಿ. ಅದೇ ಮಾತನ್ನ ನಾನು ಕನ್ನಡದಲ್ಲಿ ಹೇಳಿದ್ರೆ? "ಹಳೇ ಸರ್ವರಿಂದ ಶನಿವಾರ ಕಾಪಿ ಮಾಡಿದ ಫೈಲುಗಳನ್ನ ಡಿಲೀಟ್ ಮಾಡಿ." ಅವರು ಓದ್ಕೊಂಡಿದ್ದು ಬೇಕಂದ್ರೆ "ಹಳೇ ಸರ್ವರಿಂದ ಕಾಪಿ ಮಾಡಿದ ಫೈಲುಗಳನ್ನ ಶನಿವಾರ ಡಿಲೀಟ್ ಮಾಡಿ." ಶನಿವಾರ ಯಾವ ಕ್ರಿಯಾಪದದ ಮುಂದೆ ಬಂದು ಕೂತಿದೆಯೋ ಅದರದ್ದು, ಗಲಾಟೆನೇ ಇಲ್ಲ. (ಶನಿವಾರನ ವಾಕ್ಯದ ಮೊದಲಿಗೇ ತಂದ್ರೆ ಕನ್ನಡದಲ್ಲೂ ಗೊಂದಲ ಆಗುತ್ತೆ, ಅದು ಬೇರೆ ಮಾತು.) ಇಂಗ್ಲಿಷಲ್ಲಿ ಈ ತುಂಡುಗಳೆಲ್ಲಾ ಸಾಮಾನ್ಯವಾಗಿ ಹಿಂದೆ ಬಂದು ಒಂದರ ಬಾಲಕ್ಕೆ ಒಂದು ಕ್ಯೂ ನಿಲ್ಲುತ್ವೆ, ಕೊನೇಲಿ ನಿಂತಿರೋದು ಯಾರ ಕಡೆಯವನು ಅಂತ ಓದೋವ್ನೇ ಊಹೆ ಮಾಡ್ಬೇಕು. ನಮ್ಮಲ್ಲಿ ಇನ್ನೊಂದು ಸೌಕರ್ಯ ಇದೆ ನೋಡಿ, ಮೇಲೆ ಬೇರೆ, ಮೇಲಿರೋ ಬೇರೆ. ಟೇಬಲ್ ಮೇಲೆ ಇಡು, ಟೇಬಲ್ ಮೇಲಿರೋ ಫೈಲು. ಇಂಗ್ಲಿಷಲ್ಲಿ ಎರಡಕ್ಕೂ ಆನ್ ದಿ ಟೇಬಲ್ ಅಷ್ಟೇ. ರಿವ್ಯೂ ದಿ ಕಾಮೆಂಟ್ಸ್ ಇನ್ ದಿ ಮೀಟಿಂಗ್ ಅಂದ್ರೆ ಮೀಟಿಂಗಲ್ಲಿ ಕೂತು ರಿವ್ಯೂ ಮಾಡ್ಬೇಕಾ, ಮೀಟಿಂಗಲ್ಲಿ ಬಂದಿರೋ ಕಾಮೆಂಟ್ಸ್‌ನ ಈಗ ರಿವ್ಯೂ ಮಾಡ್ಬೇಕಾ?

ಅದಕ್ಕೇ ಇಂಗ್ಲಿಷಲ್ಲೇ ಯೋಚನೆ ಮಾಡಿ ಅಂತ ಎಲ್ಲರೂ ಕೊಡೋ ಬುದ್ಧಿವಾದನ ನಾನು ಒಪ್ಪಲ್ಲ. ಮೇಲ್ ಕಳಿಸೋ ಮುಂಚೆ ಕನ್ನಡದಲ್ಲಿ ಒಂದ್ ಸಲ ಹೇಳ್ಕೊಳ್ಳಿ. ಈ ತುಂಡಿಗೆ "ಇರೋ" "ಮಾಡಿದ" "ಬಂದಿರೋ" ಅಂತ ಏನಾದ್ರೂ ಸೇರಿಸ್ಬೇಕು ಅನ್ನಿಸ್ತಾ, ಹಂಗಾದ್ರೆ ಅದು ಯಾವುದೋ ವಸ್ತುವಿಗೆ ಅಂಟಿದ್ದು, ಇಂಗ್ಲಿಷಲ್ಲೂ ಅದನ್ನ ಆ ವಸ್ತುವಿನ ಪಕ್ಕದಲ್ಲೇ ಕೂರಿಸಿ. ನಂದು ಕಾಪೀಡ್ ಆನ್ ಸ್ಯಾಟರ್ಡೇ ಫ್ರಮ್ ದಿ ಓಲ್ಡ್ ಸರ್ವರ್ ಅಂತ ಎರಡು ತುಂಡು ಅದಲು ಬದಲು ಮಾಡಿದ್ರೆ ಮುಗೀತಿತ್ತು. ಇನ್ನೂ ಭಯ ಇದ್ರೆ ಎರಡು ವಾಕ್ಯ ಮಾಡಿ, ಶನಿವಾರ ಕೆಲವು ಫೈಲು ಕಾಪಿ ಆಗಿವೆ, ಅವನ್ನ ಮಾತ್ರ ಇವತ್ತು ಡಿಲೀಟ್ ಮಾಡಿ ಅಂತ. ವಾಕ್ಯ ಉದ್ದ ಆದ್ರೆ ಯಾರೂ ಬಯ್ಯಲ್ಲ. ಶನಿವಾರವೇ ಡಿಲೀಟ್ ಮಾಡ್ಬೇಕು ಅನ್ನೋದಾಗಿದ್ರೆ ಆನ್ ಸ್ಯಾಟರ್ಡೇನ ಮೊದಲಿಗೇ ಹಾಕಿ ಕಾಮಾ ಕೊಡಿ.

ಚೆಕರ್ ವಿಷಯ. ಆ ಶನಿವಾರದ ವಾಕ್ಯನ ಆಮೇಲೆ ಹಾಕಿ ನೋಡಿದೀನಿ, ಒಂದು ಕೆಂಪು ಗೆರೆನೂ ಬರಲಿಲ್ಲ. ವ್ಯಾಕರಣ ತಪ್ಪಿದ್ರೆ ತಾನೇ ಬರೋದು. ನಿಮ್ಮ ಮನಸ್ಸಲ್ಲಿ ಯಾವ ಶನಿವಾರ ಇದೆ ಅಂತ ಅದಕ್ಕೇನು ಗೊತ್ತು.

ಹಂಗಂತ ಇನ್, ಆನ್ ತಪ್ಪಾದ್ರೂ ಪರವಾಗಿಲ್ಲ ಅಂತ ಹೇಳ್ತಿಲ್ಲ, ಆದ್ರೆ ಅದಕ್ಕೆ ನಲವತ್ತು ಪುಟ ಬೇಡ. ನಾವು ಮಾಡೋ ತಪ್ಪು ಬಹಳಷ್ಟು ಸುಮ್ಮನೆ ಬರೋದಲ್ಲ, ಹೈಸ್ಕೂಲಲ್ಲಿ ಉ, ಅನ್ನು, ಇಂದ, ಗೆ ಅಂತ ರಾಗವಾಗಿ ಹೇಳ್ತಿದ್ವಲ್ಲ ವಿಭಕ್ತಿ ಪ್ರತ್ಯಯ, ಅಲ್ಲಿಂದ, ಇಲ್ಲಾ ಮೇಲೆ, ಜೊತೆ, ಬಗ್ಗೆ ಥರದ ಪದಗಳಿಂದ ಬರೋದು. ನಮ್ಮ "ಇಂದ" ಒಂದೇ ಮೈಸೂರಿಂದ ಬಂದೆ, ಚಾಕುವಿನಿಂದ ಕುಯ್ದೆ, ಅವನಿಂದ ಹಾಳಾಯ್ತು, ಮೂರು ವರ್ಷದಿಂದ ಇದೀನಿ ಎಲ್ಲಾ ಕೆಲಸನೂ ಮಾಡುತ್ತೆ, ಅದಕ್ಕೇ ನಾವು ಫ್ರಮ್ ತ್ರೀ ಇಯರ್ಸ್, ಸಿನ್ಸ್ ತ್ರೀ ಇಯರ್ಸ್ ಅಂತ ಬರೆಯೋದು, ಅಲ್ಲಿ ಫಾರ್ ಬರ್ಬೇಕು. "ಅಲ್ಲಿ" ಪ್ರತ್ಯಯಕ್ಕೆ ಬಸ್ಸೂ ಒಂದೇ ಕಾರೂ ಒಂದೇ, ಇಂಗ್ಲಿಷಿಗೆ ಆನ್ ದಿ ಬಸ್, ಇನ್ ದಿ ಕಾರ್. ನನ್ನ ಮೇಲೆ ಕೋಪ ಅಂತೀವಿ ಆದ್ರೆ ಆಂಗ್ರಿ ಆನ್ ಮೀ ಅಲ್ಲ, ವಿತ್ ಮೀ. ಜೊತೆ ಮದುವೆ ಅಂತೀವಿ ಆದ್ರೆ ಮ್ಯಾರೀಡ್ ಟು. ಅದರ ಬಗ್ಗೆ ಡಿಸ್ಕಸ್ ಮಾಡ್ತೀವಿ ಆದ್ರೆ ಇಂಗ್ಲಿಷಲ್ಲಿ ಡಿಸ್ಕಸ್ ಆದ ಮೇಲೆ ಅಬೌಟ್ ಹಾಕೋದೇ ಇಲ್ಲ. ಶುಕ್ರವಾರದೊಳಗೆ ಅನ್ನೋದು ವಿತ್‌ಇನ್ ಫ್ರೈಡೇ ಅಲ್ಲ, ಬೈ ಫ್ರೈಡೇ, ಇದನ್ನಂತೂ ನಮ್ಮ ಮ್ಯಾನೇಜರೇ ಇವತ್ತಿಗೂ ತಪ್ಪು ಬರೀತಾರೆ. ಹಾಂ ಇನ್ನೊಂದು, ದಿ ಲಿಸ್ಟ್ ಆಫ್ ಫೈಲ್ಸ್ ಆರ್ ಅಂತ ಬರೀಬೇಡಿ, ಪಟ್ಟಿ ಒಂದೇ, ಈಸ್. ನಮಗೆ ಫೈಲುಗಳ ಪಟ್ಟಿ ಅಂತ ಪಟ್ಟಿನೇ ಕ್ರಿಯಾಪದದ ಹತ್ರ ಬರುತ್ತೆ, ಅವರಿಗೆ ಮಧ್ಯೆ ಆಫ್ ಫೈಲ್ಸ್ ತೂರ್ಕೊಂಡು ದಾರಿ ತಪ್ಪಿಸುತ್ತೆ.

ನನ್ನ ನೋಟ್‌ಬುಕ್ಕಿಂದ ಈಗ ಉಳಿದಿರೋದು ಇಷ್ಟೇ, ಒಂದು ಹಳದಿ ಚೀಟಿ ಮೇಲೆ ಬರೆದು ಮಾನಿಟರ್ ಅಂಚಿಗೆ ಅಂಟಿಸಿದೀನಿ. ಅದರ ಮೇಲ್ಗಡೆ ದಪ್ಪಕ್ಷರದಲ್ಲಿ "ಯಾವ ಶನಿವಾರ?" ಅಂತ ಬರೆದಿದೆ, ಹೊಸದಾಗಿ ಟೀಮ್‌ಗೆ ಸೇರೋ ಹುಡುಗ್ರು ನಾನೇನೋ ಶನಿದೇವರ ಭಕ್ತ ಅಂದ್ಕೊಂಡಿದಾರೆ.