ಅಮೆರಿಕದ ಸಂಗೀತ ನಾಟಕ 'ವೆಸ್ಟ್ ಸೈಡ್ ಸ್ಟೋರಿ'ಯ ಸಂಗೀತವೂ ಸೋಂಡ್‌ಹೈಮ್ ಅವರದ್ದೇನಾ?

ಅಲ್ಲ, ಸಂಗೀತ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರದ್ದು. ಸ್ಟೀಫನ್ ಸೋಂಡ್‌ಹೈಮ್ ಬರೆದದ್ದು ಹಾಡುಗಳ ಸಾಹಿತ್ಯ ಮಾತ್ರ. ಸಂಗೀತ ಕಲಿತವರು ಬರೀ ಸಾಹಿತ್ಯಕ್ಕೆ ಯಾಕೆ ಒಪ್ಪಿದರು ಅಂತಲೂ ಕೇಳಿದ್ದೀರಲ್ವಾ, ನಿಜವಾದ ಕತೆ ಇರೋದೇ ಅಲ್ಲಿ. ಅವರಿಗೆ ಮನಸ್ಸೇ ಇರಲಿಲ್ಲ. ಇಂಥ ದೊಡ್ಡವರ ಜೊತೆ ಕೆಲಸ ಮಾಡುವ ಅವಕಾಶ ಬಿಡಬೇಡ ಅಂತ ಒಪ್ಪಿಸಿದ್ದು ಗುರು, ಸಂಗೀತ ನಾಟಕಗಳ ಸಾಹಿತಿ ಆಸ್ಕರ್ ಹ್ಯಾಮರ್‌ಸ್ಟೈನ್. ನಾಟಕ 1957ರಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಿಗೆ ಬಂದಾಗ ಸೋಂಡ್‌ಹೈಮ್‌ಗೆ 27 ವರ್ಷ.

ಈ ಗುರು ಸುಮ್ನೆ ಹೊಗಳುವವರಲ್ಲ. ಹದಿಹರೆಯದ ಸೋಂಡ್‌ಹೈಮ್ ಶಾಲೆಗಾಗಿ ಬರೆದ ಸಂಗೀತ ನಾಟಕವನ್ನು ತಂದು, ನನ್ನ ಪರಿಚಯವೇ ಇಲ್ಲ ಅಂದುಕೊಂಡು ಓದಿ ಎಂದಾಗ, ಇಷ್ಟು ಕೆಟ್ಟದ್ದನ್ನು ನಾನು ಓದೇ ಇಲ್ಲ ಅಂದುಬಿಟ್ಟರು. ಆಮೇಲೆ ಮಧ್ಯಾಹ್ನ ಪೂರ್ತಿ ಕೂತು, ಎಲ್ಲೆಲ್ಲಿ ಯಾಕೆ ಕೆಟ್ಟಿದೆ ಅಂತ ಬಿಡಿಸಿ ಹೇಳಿದರು. ಬೈದು ಎದ್ದು ಹೋಗುವವರು ಜಾಸ್ತಿ, ಹೀಗೆ ಕೂತು ಹೇಳುವವರು ಎಷ್ಟು ಜನ?

1959ರ 'ಜಿಪ್ಸಿ'ಯಲ್ಲೂ ಅದೇ ಆಯಿತು. ನಾಯಕಿ ಎತೆಲ್ ಮರ್ಮನ್‌ಗೆ ಹೊಸ ಸಂಗೀತಗಾರ ಬೇಡವಾಗಿತ್ತು, ಮತ್ತೆ ಬರೀ ಸಾಹಿತ್ಯ. ಸಂಗೀತ, ಸಾಹಿತ್ಯ ಎರಡನ್ನೂ ತಾವೇ ಮಾಡಿ ಬ್ರಾಡ್‌ವೇಗೆ ಬಂದದ್ದು 1962ರಲ್ಲಿ. ಆಮೇಲೆ 'ಕಂಪನಿ', 'ಸ್ವೀನಿ ಟಾಡ್' ಎಲ್ಲ ಬಂದವು. 1981ರ 'ಮೆರಿಲಿ ವಿ ರೋಲ್ ಅಲಾಂಗ್' ಮಾತ್ರ 16 ಪ್ರದರ್ಶನಕ್ಕೇ ನಿಂತಿತು. 1985ರಲ್ಲಿ 'ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್' ನಾಟಕಕ್ಕೆ ಅಮೆರಿಕದ ಪ್ರತಿಷ್ಠಿತ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು.

ಇನ್ನೊಂದು, ವೆಸ್ಟ್ ಸೈಡ್‌ನ 'ಐ ಫೀಲ್ ಪ್ರೆಟ್ಟಿ' ಹಾಡು ಕೇಳಿದರೆ ಸೋಂಡ್‌ಹೈಮ್‌ಗೇ ಮುಜುಗರ ಆಗುತ್ತಿತ್ತು. ಅದನ್ನು ಹಾಡುವ, ಆಗಷ್ಟೇ ಪೋರ್ಟೊ ರಿಕೊದಿಂದ ಬಂದ ಹುಡುಗಿ ಅಷ್ಟೊಂದು ಒಳಪ್ರಾಸ ಹಾಕಿ ಮಾತಾಡ್ತಾಳಾ ಅನ್ನೋದು ಅವರ ತಕರಾರಾಗಿತ್ತು.