ಕೋಶವನ್ನು ಕೊಲ್ಲದೆ ಅದರ ವಿಭಜನೆಯನ್ನು ತಡೆಯುವ ಬ್ಯಾಕ್ಟೀರಿಯಾ ವಿಷಗಳು

ಬ್ಯಾಕ್ಟೀರಿಯಾದ ವಿಷವೊಂದು ನಮ್ಮ ಜೀವಕೋಶವನ್ನು ಕೂಡಲೇ ಕೊಲ್ಲದೆ ಅದರ ವಿಭಜನೆಯನ್ನು ಮಾತ್ರ ಹೇಗೆ ನಿಲ್ಲಿಸುತ್ತದೆ, ಅದರಿಂದ ಬ್ಯಾಕ್ಟೀರಿಯಾಕ್ಕೆ ಏನು ಲಾಭ ಎಂದು ಕೇಳಿದ್ದೀರಿ. ಇಂಥ ವಿಷಗಳಲ್ಲಿ ಒಂದಾದ ಸಿಡಿಟಿ, ಅಂದರೆ ಸೈಟೋಲೀಥಲ್ ಡಿಸ್ಟೆಂಡಿಂಗ್ ಟಾಕ್ಸಿನ್, ಹೀಲಾ ಎಂಬ, ಪ್ರಯೋಗಕ್ಕಾಗಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳ ಮೇಲೆ ಮಾಡುವ ಪರಿಣಾಮವನ್ನು ನಾನು ಪ್ರಯೋಗಾಲಯದಲ್ಲಿ ಹಲವು ಬಾರಿ ನೋಡಿರುವುದರಿಂದ ಅದನ್ನೇ ಮುಖ್ಯವಾಗಿಟ್ಟುಕೊಂಡು ಉತ್ತರಿಸುತ್ತೇನೆ.

ವಿಷ ಹಾಕಿದ ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮೂರನೆಯ ದಿನದ ಹೊತ್ತಿಗೆ, ವಿಷ ಹಾಕದ ತಟ್ಟೆಯಲ್ಲಿ ಕೋಶಗಳು ಒತ್ತೊತ್ತಾಗಿ ತುಂಬಿಕೊಂಡಿದ್ದರೆ, ವಿಷ ಹಾಕಿದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಇದ್ದು, ಪ್ರತಿಯೊಂದೂ ಮಾಮೂಲಿ ಗಾತ್ರದ ಹಲವು ಪಟ್ಟು ಉಬ್ಬಿ ಹಪ್ಪಳದಂತೆ ಹರಡಿಕೊಂಡಿರುತ್ತದೆ. 1987ರಲ್ಲಿ ಜಾನ್ಸನ್ ಮತ್ತು ಲಿಯೋರ್ ಎಂಬ ಸಂಶೋಧಕರು ಕರುಳಿನ ಬ್ಯಾಕ್ಟೀರಿಯಾವಾದ ಈ. ಕೋಲೈಯ ಕೆಲವು ತಳಿಗಳಲ್ಲಿ ಈ ವಿಷವನ್ನು ಗುರುತಿಸಿದ್ದು ಇದೇ ಲಕ್ಷಣದಿಂದ. ಅದರ ಹೆಸರಿನಲ್ಲಿ ಉಬ್ಬಿಸುವುದೆಂಬ ಅರ್ಥ ಸೇರಿಕೊಂಡಿರುವುದೂ ಆ ಕಾರಣಕ್ಕೇ.

ಕೋಶ ಏಕೆ ಉಬ್ಬುತ್ತದೆ ಎಂಬುದು ತಿಳಿಯಬೇಕಾದರೆ ಕೋಶಚಕ್ರವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಕೋಶವು ಜಿ1 ಹಂತದಲ್ಲಿ ಬೆಳೆಯುತ್ತದೆ, ಎಸ್ ಹಂತದಲ್ಲಿ ತನ್ನ ಡಿಎನ್‌ಎಯನ್ನು ಇಮ್ಮಡಿಗೊಳಿಸುತ್ತದೆ, ಜಿ2 ಹಂತದಲ್ಲಿ ಎಲ್ಲವೂ ಸರಿಯಾಗಿದೆಯೇ ಎಂದು ಪರಿಶೀಲಿಸಿ, ಎಂ ಹಂತದಲ್ಲಿ ಎರಡಾಗುತ್ತದೆ. ಜಿ2 ಮತ್ತು ಎಂ ನಡುವೆ ಒಂದು ತನಿಖಾ ಠಾಣೆಯಿದೆ ಎನ್ನಬಹುದು: ಡಿಎನ್‌ಎ ತುಂಡಾಗಿದ್ದರೆ ಅದು ರಿಪೇರಿಯಾಗುವವರೆಗೆ ಕೋಶಕ್ಕೆ ಮುಂದೆ ಹೋಗಲು ಅನುಮತಿ ಸಿಗುವುದಿಲ್ಲ.

ಸಿಡಿಟಿಯಲ್ಲಿ ಮೂರು ಪ್ರೋಟೀನುಗಳಿವೆ. ಅವುಗಳಲ್ಲಿ ಎ ಮತ್ತು ಸಿ ಕೋಶದ ಹೊರಮೈಗೆ ಅಂಟಿಕೊಂಡು ಬಿ ಎಂಬ ಮೂರನೆಯದನ್ನು ಒಳಗೆ ದಾಟಿಸುತ್ತವೆ. ಅದು ಕೋಶದೊಳಗಿನ ಸಾಗಣೆ ರಚನೆಗಳಾದ ಗಾಲ್ಗಿ ಮತ್ತು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗಳ ಮಾರ್ಗವಾಗಿ ಕೋಶಕೇಂದ್ರವನ್ನು ತಲುಪುತ್ತದೆ. ಈ ಬಿ ಪ್ರೋಟೀನು ನಮ್ಮದೇ ದೇಹದಲ್ಲಿರುವ ಡಿಎನ್‌ಎ ಕತ್ತರಿಸುವ ಕಿಣ್ವವನ್ನು, ಅಂದರೆ ಡಿಎನ್‌ಏಸ್-1 ಅನ್ನು ಹೋಲುತ್ತದೆ ಎಂಬುದು 2000ದ ಸುಮಾರಿಗೆ ಸ್ಪಷ್ಟವಾಯಿತು. ಅದು ಡಿಎನ್‌ಎಯನ್ನು ಕತ್ತರಿಸಿದೊಡನೆ ಎಟಿಎಂ ಎಂಬ ಕಿಣ್ವ ಎಚ್ಚೆತ್ತು ಸಿಎಚ್‌ಕೆ2 ಎಂಬ ಇನ್ನೊಂದು ಕಿಣ್ವಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಸಿಡಿಸಿ25 ಎಂಬ ಮತ್ತೊಂದು ಕಿಣ್ವವನ್ನು ತಡೆಹಿಡಿಯುತ್ತದೆ, ಸಿಡಿಸಿ25 ಕೆಲಸ ಮಾಡದಿದ್ದರೆ ವಿಭಜನೆಗೆ ಚಾಲನೆ ಕೊಡುವ ಸಿಡಿಕೆ1 ಮೇಲಿನ ಫಾಸ್ಫೇಟ್ ಬೀಗ ತೆರೆಯುವುದಿಲ್ಲ. ಆದ್ದರಿಂದ ಕೋಶಚಕ್ರವನ್ನು ನಿಲ್ಲಿಸುವುದು ನೇರವಾಗಿ ವಿಷವಲ್ಲ. ವಿಷ ಗಾಯವನ್ನಷ್ಟೇ ಮಾಡುತ್ತದೆ, ಆ ಗಾಯವನ್ನು ಕಂಡ ಕೋಶದ ಸ್ವಂತ ಕಾವಲು ವ್ಯವಸ್ಥೆಯೇ ವಿಭಜನೆಯನ್ನು ತಡೆಯುತ್ತದೆ. ವಿಭಜನೆ ನಿಂತರೂ ಪ್ರೋಟೀನು ತಯಾರಿಕೆ, ಬೆಳವಣಿಗೆ ನಿಲ್ಲದ ಕಾರಣ ಕೋಶ ಉಬ್ಬುತ್ತಾ ಹೋಗುತ್ತದೆ. ಪ್ರತಿ ಕೋಶದ ಡಿಎನ್‌ಎ ಪ್ರಮಾಣವನ್ನು ಅಳೆಯುವ ಫ್ಲೋ ಸೈಟೋಮೀಟರಿನ ನಕ್ಷೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ: ಆರೋಗ್ಯವಂತ ಕೋಶಗಳಲ್ಲಿ ಎತ್ತರವಾಗಿರುವ ಜಿ1 ಶಿಖರ ಕುಗ್ಗಿ, ಇಮ್ಮಡಿ ಡಿಎನ್‌ಎ ಹೊತ್ತ ಕೋಶಗಳ ಶಿಖರ ಮೇಲೇಳುತ್ತದೆ. ಹೀಗೆ ಸಿಕ್ಕಿಕೊಂಡ ಕೋಶಗಳಲ್ಲಿ ಬಹಳಷ್ಟು ಕೊನೆಗೆ ಸಾಯುತ್ತವೆ ಎಂಬುದನ್ನೂ ಹೇಳಬೇಕು.

ಇನ್ನು ಲಾಭದ ವಿಚಾರ. ನಮ್ಮ ಕರುಳಿನ ಒಳಪದರ ನಾಲ್ಕೈದು ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ, ಹಳೆಯ ಕೋಶಗಳು ಉದುರುವಾಗ ಅವುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳೂ ಕೊಚ್ಚಿಕೊಂಡು ಹೋಗುತ್ತವೆ. ಹೊಸ ಕೋಶಗಳ ಹುಟ್ಟು ನಿಂತರೆ ಈ ಉದುರುವಿಕೆಯೂ ನಿಧಾನವಾಗಿ, ಬ್ಯಾಕ್ಟೀರಿಯಾಕ್ಕೆ ನೆಲೆ ಸಿಗುತ್ತದೆ. ಬೇರೊಂದು ವಿಧಾನದಿಂದ ಕೋಶಚಕ್ರವನ್ನು ತಡೆಯುವ ಶಿಗೆಲ್ಲಾ ಎಂಬ ಆಮಶಂಕೆಯ ಬ್ಯಾಕ್ಟೀರಿಯಾದ ಬಗ್ಗೆ ಜಪಾನಿನ ಸಂಶೋಧಕರು 2007ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಜೊತೆಗೆ ಸಿಡಿಟಿ ತಗುಲಿದ ಲಿಂಫೋಸೈಟುಗಳು, ಅಂದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು, ಉಬ್ಬುತ್ತಾ ಕೂರುವುದಿಲ್ಲ, ಬೇಗನೆ ಸಾಯುತ್ತವೆ. ಅಂದರೆ ರೋಗನಿರೋಧಕ ಶಕ್ತಿಗೂ ಪೆಟ್ಟು ಬೀಳುತ್ತದೆ.

ಎಲ್ಲ ವಿಷಗಳೂ ಡಿಎನ್‌ಎಯನ್ನೇ ಮುಟ್ಟುವುದಿಲ್ಲ. ಕೆಲವು ಈ. ಕೋಲೈ ತಳಿಗಳು ಸೂಜಿಯಂಥ ರಚನೆಯ ಮೂಲಕ ಕೋಶದೊಳಕ್ಕೆ ತೂರಿಸುವ ಸಿಫ್ ಎಂಬ ಪ್ರೋಟೀನು, ನೆಡ್8 ಎಂಬ ಪುಟ್ಟ ಪ್ರೋಟೀನಿನ 40ನೆಯ ಸ್ಥಾನದ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಒಂದನ್ನು ಮಾತ್ರ ಬದಲಿಸುತ್ತದೆ. ಅಷ್ಟರಿಂದಲೇ ಬೇಡದ ಪ್ರೋಟೀನುಗಳ ವಿಲೇವಾರಿ ಕೆಟ್ಟು, ಚಕ್ರಕ್ಕೆ ಬ್ರೇಕ್ ಹಾಕುವ ಪಿ21, ಪಿ27 ಎಂಬ ಪ್ರೋಟೀನುಗಳು ರಾಶಿ ಬೀಳುತ್ತವೆ. ನನ್ನ ಮಟ್ಟಿಗೆ ಇಡೀ ಗುಂಪಿನಲ್ಲಿ ಅತ್ಯಂತ ನಾಜೂಕಾದ ಕೆಲಸ ಇದೇ.

ನಮ್ಮ ಊರುಗಳಲ್ಲಿ ಇಂದಿಗೂ ಕಾಣುವ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರದ ಬ್ಯಾಕ್ಟೀರಿಯಾದ ವಿಷದಲ್ಲೂ ಸಿಡಿಟಿಯ ಅದೇ ಬಿ ಪ್ರೋಟೀನಿದೆ, ಮತ್ತು ಬ್ಯಾಕ್ಟೀರಿಯಾ ನಮ್ಮ ಕೋಶದೊಳಗೆ ಸೇರಿದ ಮೇಲೆಯೇ ಅದು ತಯಾರಾಗುತ್ತದೆ. ಜ್ವರಕ್ಕೆಲ್ಲ ಈ ವಿಷವೇ ಕಾರಣ ಎಂದು ಓದಿದ್ದರೆ ದಯವಿಟ್ಟು ಒಪ್ಪಬೇಡಿ: 2019ರಲ್ಲಿ ಪ್ರಕಟವಾದ ಸ್ವಯಂಸೇವಕರ ಅಧ್ಯಯನದಲ್ಲಿ, ಈ ವಿಷವನ್ನು ತೆಗೆದುಹಾಕಿದ ತಳಿಯೂ ಜ್ವರ ಬರಿಸಿತು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ತಡೆಯಿಂದ ಪಾರಾಗುವ ಕೋಶಗಳು. 2006ರಲ್ಲಿ ವರದಿಯಾದ ಕೋಲಿಬ್ಯಾಕ್ಟಿನ್ ಎಂಬ ಈ. ಕೋಲೈ ವಿಷವು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಕೋಶವು ಅದನ್ನು ತಪ್ಪಾಗಿ ರಿಪೇರಿ ಮಾಡಿಕೊಂಡು ಮತ್ತೆ ವಿಭಜಿಸಿದರೆ ಆ ತಪ್ಪು ಮರಿಕೋಶಗಳಲ್ಲಿ ಉಳಿಯುತ್ತದೆ. ಆ ವಿಷದ ವಿಶಿಷ್ಟ ಗುರುತನ್ನು 2020ರಲ್ಲಿ ಕೆಲವು ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಗಳಲ್ಲಿ ಪತ್ತೆಹಚ್ಚಲಾಯಿತು. ಈ ತಳಿಗಳು ಆರೋಗ್ಯವಂತರ ಕರುಳಿನಲ್ಲೂ ಸಾಕಷ್ಟು ಇರುವುದರಿಂದ, ಮಲಪರೀಕ್ಷೆಯಲ್ಲಿ ಅವು ಕಂಡ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ.