ಎಲ್ಲ ಕಡೆ ಸೂಕ್ಷ್ಮಾಣುಗಳಿದ್ದರೂ ನಮಗೆ ದಿನಾ ಕಾಯಿಲೆ ಯಾಕೆ ಬರುವುದಿಲ್ಲ?

ಗಾಳಿ, ನೀರು, ಮಣ್ಣು ಎಲ್ಲದರಲ್ಲೂ ಸೂಕ್ಷ್ಮಾಣುಗಳಿದ್ದರೆ ನಾವು ದಿನಾ ಯಾಕೆ ಕಾಯಿಲೆ ಬೀಳುವುದಿಲ್ಲ, ಒಳಗೆ ಹೋದ ಮೇಲೆ ಅವು ಮಾಡುವುದಾದರೂ ಏನು ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಕಡೆಯವಳು, ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆ ಬರುವ ಕಾಯಿಲೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸೂಕ್ಷ್ಮಾಣು ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ನಿಮ್ಮ ಮೈಯಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚು ಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳು ಈಗಲೂ ನಿಮ್ಮ ಕರುಳು, ಬಾಯಿ, ಚರ್ಮದಲ್ಲಿ ಇವೆ. ಈ-ಕೋಲೈ ಹೆಸರು ಕೇಳಿರುತ್ತೀರಿ ಅಲ್ವಾ, ಅದರ ಹೆಚ್ಚಿನ ತಳಿಗಳು ಕರುಳಿನಲ್ಲಿ ತಮ್ಮ ಪಾಡಿಗೆ ಇರುತ್ತವೆ. ಅಲ್ಲಿಂದ ಮೂತ್ರನಾಳಕ್ಕೆ ಹೋಗಿ ಅಂಟಿಕೊಂಡರೆ ಮಾತ್ರ ಉರಿಮೂತ್ರ, ಚಳಿಜ್ವರ. ಹಾಗಾಗಿ ನೋಡಬೇಕಾದ್ದು ಅದು ಯಾವ ದಾರಿಯಲ್ಲಿ ಬಂತು, ಎಷ್ಟು ಬಂತು, ಬಂದ ಜಾಗದಲ್ಲಿ ನೆಲೆ ಸಿಕ್ಕಿತಾ ಅನ್ನುವುದನ್ನು.

ನಮ್ಮ ಕಡೆ ಮಳೆಗಾಲದ ಇಲಿಜ್ವರ ನೋಡಿ. ಲೆಪ್ಟೊಸ್ಪೈರಾ ಅನ್ನುವ ಸುರುಳಿ ಆಕಾರದ ಬ್ಯಾಕ್ಟೀರಿಯಾ ಇಲಿಯ ಕಿಡ್ನಿಯಲ್ಲಿ ಇರುತ್ತದೆ, ಇಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇಲಿಯ ಮೂತ್ರದ ಜೊತೆ ಅದು ಗದ್ದೆಯ ನೀರು ಸೇರುತ್ತದೆ. ಒಣಗಿದ, ಗಾಯವಿಲ್ಲದ ಚರ್ಮ ದಾಟುವುದು ಅದಕ್ಕೆ ಸುಲಭವಲ್ಲ. ಆದರೆ ನಾಟಿ ಸಮಯದಲ್ಲಿ ಬೆಳಗಿನಿಂದ ಸಂಜೆವರೆಗೆ ಕೆಸರಲ್ಲಿ ನಿಂತವರ ಕಾಲು ನೀವು ನೋಡಿದ್ದೀರಾ? ಚರ್ಮ ನೆನೆದು ಬೆಳ್ಳಗೆ ಸುಕ್ಕಾಗಿರುತ್ತದೆ, ಬೆರಳಸಂದಿಯಲ್ಲಿ ಕೆಸರುಹುಣ್ಣು, ಹಿಮ್ಮಡಿ ಒಡೆದಿರುತ್ತದೆ, ಮೇಲೆ ಇಂಬಳ (ಜಿಗಣೆ) ಕಚ್ಚಿದ ಜಾಗವನ್ನು ಕೆರೆದುಕೊಂಡ ಗಾಯ ಬೇರೆ. ಇಷ್ಟು ಬಾಗಿಲು ಸಾಕು ಅದಕ್ಕೆ. ಒಳಗೆ ಹೋಗಿ ರಕ್ತದಲ್ಲಿ ತಿರುಗಿ ಲಿವರ್, ಕಿಡ್ನಿ ಸೇರುತ್ತದೆ. ಹೆಚ್ಚಾಗಿ ಒಂದೆರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಕೆಲವರಿಗೆ ಕಣ್ಣು ಹಳದಿಯಾಗುತ್ತದೆ, ಆಗ ಕಾಮಾಲೆ ಅಂದುಕೊಂಡು ನಾಟಿ ಔಷಧಿ ಹುಡುಕಿಕೊಂಡು ಹೋಗುತ್ತಾರೆ. ನನಗೆ ತುಂಬ ಸಂಕಟ ಆಗುವುದು ಇದಕ್ಕೆ, ಯಾಕೆಂದರೆ ಶುರುವಿನಲ್ಲೇ ಬಂದರೆ ಡಾಕ್ಸಿಸೈಕ್ಲಿನ್‌ನಂಥ ಕಡಿಮೆ ಬೆಲೆಯ ಮಾತ್ರೆ ಕೆಲಸ ಮಾಡುತ್ತದೆ, ಕಿಡ್ನಿಗೆ ಏಟು ಬಿದ್ದ ಮೇಲೆ ಅಷ್ಟು ಸುಲಭ ಅಲ್ಲ.

ಮಂಗನ ಕಾಯಿಲೆಯದ್ದು ಬೇರೆಯೇ ದಾರಿ. ಇದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, ಈಗ ನಮ್ಮ ಜಿಲ್ಲೆಯ ಮಲೆನಾಡಿನಲ್ಲೂ ಇದೆ. ಈ ವೈರಸ್ಸಿಗೆ ಚರ್ಮದಲ್ಲಿ ಗಾಯ ಬೇಕಿಲ್ಲ, ರಕ್ತ ಹೀರುವ ಉಣುಗೇ (ಉಣ್ಣೆ ಹುಳ) ಚುಚ್ಚಿ ಒಳಗೆ ಬಿಡುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಉಣುಗು, ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇ ತನಕ ಇವುಗಳ ಕಾಟ ಜಾಸ್ತಿ, ಜನ ದರಗು (ಒಣಗಿದ ಎಲೆ), ಸೌದೆ ಅಂತ ಕಾಡಿಗೆ ಹೋಗುವುದೂ ಆಗಲೇ. ಮಂಗ ಸತ್ತರೆ ಅದರ ಮೈ ಮೇಲಿನ ಉಣುಗುಗಳೆಲ್ಲ ಅಲ್ಲೇ ನೆಲಕ್ಕೆ ಉದುರುತ್ತವೆ, ಆ ಜಾಗ ಅಪಾಯದ ಜಾಗ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ. ಇನ್ನೊಂದು ಮಾತು, ಇದು ರೋಗಿಯಿಂದ ಪಕ್ಕದವರಿಗೆ ಹರಡುವುದಿಲ್ಲ. ಮಂಗನ ಕಾಯಿಲೆ ಬಂದವರ ಮನೆಗೆ ಹೋಗುವುದನ್ನೇ ಬಿಡುವವರನ್ನು ಕಂಡರೆ ಬೇಜಾರಾಗುತ್ತದೆ.

ಬಾಯಿಯ ದಾರಿಯಲ್ಲಿ ಎಷ್ಟು ಹೋಯಿತು ಅನ್ನುವುದು ಮುಖ್ಯ. ಹೊಟ್ಟೆಯ ಆಸಿಡ್ ಕಾಲರಾ ಬ್ಯಾಕ್ಟೀರಿಯಾವನ್ನು ದಂಡಿಯಾಗಿ ಕೊಲ್ಲುತ್ತದೆ, ಆರೋಗ್ಯವಂತರಿಗೆ ಕಾಯಿಲೆ ಬರಬೇಕಾದರೆ ಕೋಟಿಗಟ್ಟಲೆ ಒಳಗೆ ಹೋಗಬೇಕು. ರಕ್ತಭೇದಿ ತರುವ ಶಿಗೆಲ್ಲಾ ಹಾಗಲ್ಲ, 10ರಿಂದ 100 ಇದ್ದರೂ ಸಾಕು, ಆಸಿಡ್‌ಗೆ ಅದು ಅಷ್ಟು ಬೇಗ ಸಾಯುವುದಿಲ್ಲ. ಕೈ ಸರಿಯಾಗಿ ತೊಳೆಯದ ಒಬ್ಬರಿಂದ ಇಡೀ ಮನೆಗೆ ಭೇದಿ ಹಿಡಿಯುವುದು ಇದಕ್ಕೇ.

ಒಳಗೆ ಹೋದ ಮೇಲೆ ಮಾಡುವುದೇನು ಅಂದಿರಲ್ಲ, ಅದೂ ಒಂದೇ ಥರ ಇಲ್ಲ. ಕೆಲವು ವಿಷ ಬಿಡುತ್ತವೆ. ಧನುರ್ವಾಯುವಿನ ಬ್ಯಾಕ್ಟೀರಿಯಾ ಗಾಯ ಬಿಟ್ಟು ಕದಲುವುದೇ ಇಲ್ಲ, ಅದರ ವಿಷ ಮಾತ್ರ ನರ ಹಿಡಿದು ಮೇಲೆ ಹೋಗಿ ಇಡೀ ಮೈಯ ಸ್ನಾಯುಗಳನ್ನು ಸೆಟೆಸಿಬಿಡುತ್ತದೆ. ಕೆಲವು ನಮ್ಮ ಕಾವಲಿನ ಕೋಶಗಳ ಒಳಗೇ ಅಡಗುತ್ತವೆ. ಟಿಬಿ ಹಾಗೆ. ಶ್ವಾಸಕೋಶದಲ್ಲಿ ಅದನ್ನು ನುಂಗಿದ ಬಿಳಿ ರಕ್ತಕಣಕ್ಕೆ ಅದನ್ನು ಕೊಲ್ಲಲು ಆಗುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತದೆ, ಅಷ್ಟೇ. ಒಳಗೆ ಟಿಬಿ ಇರುವವರಲ್ಲಿ ಶೇ. 5ರಿಂದ 10ರಷ್ಟು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ, ಅದೂ ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ಎಚ್‌ಐವಿ ಇದ್ದರೆ ಅಪಾಯ ಜಾಸ್ತಿ. ಕಫದ ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು, ಕೆಲವು ಒಂಟಿ, ಕೆಲವು ಗುಂಪು. ಎಷ್ಟು ಸಲ ನೋಡಿದರೂ ಆ ಕೆಂಪು ಕಂಡ ಕೂಡಲೇ ಎದೆ ಧಸಕ್ಕನ್ನುತ್ತದೆ, ಆ ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಮೊದಲು ವಿಚಾರಿಸುತ್ತೇನೆ.

ಇನ್ನು ಜ್ವರ ಕ್ರಿಮಿ ತರುವುದು ಅಂದುಕೊಂಡಿರುತ್ತೇವೆ, ಆದರೆ ಕಾವು ಏರಿಸುವುದು ನಮ್ಮ ದೇಹವೇ. ಕ್ರಿಮಿ ಕಂಡ ರಕ್ಷಣಾಕೋಶಗಳು ಬಿಡುವ ರಾಸಾಯನಿಕಗಳಿಂದ ಮೆದುಳು ಮೈಬಿಸಿ ಹೆಚ್ಚಿಸುತ್ತದೆ. ಆದ್ದರಿಂದಲೇ ಇಲಿಜ್ವರ, ಮಂಗನ ಕಾಯಿಲೆ, ಡೆಂಗಿ, ಟೈಫಾಯಿಡ್ ಎಲ್ಲವೂ ಮೊದಲ ಎರಡು ಮೂರು ದಿನ ಒಂದೇ ಥರ ಕಾಣುವುದು, ಬರೀ ಜ್ವರ ನೋಡಿ ಯಾವುದು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ ಜ್ವರ ಎಷ್ಟಿತ್ತು ಅಂತ ಹೇಳುವುದರ ಜೊತೆಗೆ ಹಿಂದಿನ ಎರಡು ಮೂರು ವಾರದಲ್ಲಿ ಗದ್ದೆಗೆ ಇಳಿದಿದ್ದಿರಾ, ಕಾಡಿಗೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ, ಎಲ್ಲಿಯ ನೀರು ಕುಡಿದಿರಿ, ಎಲ್ಲ ಹೇಳಿ. ಅವರು ಕೇಳದಿದ್ದರೂ ಹೇಳಿ. ಗದ್ದೆ ಕೆಲಸ ಅಂತ ಚೀಟಿಯಲ್ಲಿ ಬರೆದು ಬಂದರೆ ಇಲಿಜ್ವರದ ಟೆಸ್ಟ್ ಅದೇ ದಿನ ಮಾಡುತ್ತೇವೆ, ಕಾಡು ಅಂತ ಇದ್ದರೆ ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತದೆ.